ನಲವತ್ತನೆಯ ಗೂಟ

ಗೂಟಯಂತ್ರದ ತಣ್ಣನೆಯ ಪಟ್ಟಿ ಹಣೆಗೆ ತಾಗಿದ ಕೂಡಲೇ ಯಮನೂರಪ್ಪ ಕಣ್ಣು ಮುಚ್ಚಿ ತನ್ನ ಹಳೆಯ ಮನೆಯ ಬಾಗಿಲಿಗೆ ಬಂದು ನಿಂತ. ಹೊಸ್ತಿಲ ಮೇಲೆ ಒಂದು ಎಮ್ಮೆ ಒನಕೆ ಕಚ್ಚಿಕೊಂಡು ನಿಂತಿತ್ತು. ಅದರ ಕೊಂಬುಗಳಿಗೆ ಒಂದೊಂದು ರೊಟ್ಟಿ ಸಿಕ್ಕಿಸಿತ್ತು.

"ಒಂದನೇ ಓಣಿ. ನಾಲ್ಕು, ಒಂದು, ಸೊನ್ನೆ, ಸೊನ್ನೆ," ಎಂದ.

ಎಮ್ಮೆ ನಾಲ್ಕು, ಒನಕೆ ಒಂದು, ರೊಟ್ಟಿ ಸೊನ್ನೆ, ಕುಡುಗೋಲು ಏಳು, ಕೈ ಐದು. ಹೀಗೆ ಪ್ರತಿ ಅಂಕಿಗೂ ಒಂದು ಚಿತ್ರ. ಚಿತ್ರ ಎಷ್ಟು ವಿಚಿತ್ರವೋ ನೆನಪು ಅಷ್ಟು ಗಟ್ಟಿ.

ಹಿರೇಬಾವಿ ನಗರಕ್ಕೆ ಆಗ ಎಂಟು ದಿನಕ್ಕೊಮ್ಮೆ ನೀರು. ಮೋಟಾರಿನ ವಾಲ್ವುಗಳನ್ನು ದೂರದಲ್ಲೇ ಕೂತು ತೆರೆಯುವ ಕಳ್ಳರು ಹುಟ್ಟಿಕೊಂಡ ಮೇಲೆ ಜಲಮಂಡಳಿ ಮತ್ತೆ ಕೈಯಿಂದ ತಿರುಗಿಸುವ ವಾಲ್ವುಗಳಿಗೇ ಮರಳಿತ್ತು. ಪ್ರತಿಯೊಂದಕ್ಕೂ ನಾಲ್ಕಂಕಿಯ ಬೀಗ. ಅಂಕಿಗಳು ದಿನವೂ ಬದಲಾಗುತ್ತಿದ್ದವು. ಬರೆದಿಟ್ಟರೆ ಕಳವಾಗುತ್ತಿದ್ದ ಅಂಕಿಗಳನ್ನು ಕಾಯಲು ಉಳಿದದ್ದು ವಾಲ್ವ್‌ಮನ್‌ಗಳ ತಲೆಯೊಂದೇ. ಒಬ್ಬೊಬ್ಬನ ಪಾಲಿಗೆ ಓಣಿಗೊಂದರಂತೆ ನಲವತ್ತು ಬೀಗ.

ಅದಕ್ಕಾಗಿ ಡಾಕ್ಟರ್ ಇಂದುಮತಿ ಸವದತ್ತಿ ಕಂಡುಹಿಡಿದದ್ದು ಈ ಯಂತ್ರ. ಒಬ್ಬ ಮನುಷ್ಯ ಕಣ್ಣು ಮುಚ್ಚಿದರೂ ತಡವರಿಸದೆ ನಡೆಯಬಲ್ಲ ಒಂದು ಜಾಗವನ್ನು ಆರಿಸಿಕೊಳ್ಳಬೇಕು. ಅಲ್ಲಿ ಒಂದೇ ಕ್ರಮದಲ್ಲಿ ಸಿಗುವ ನಲವತ್ತು ವಸ್ತುಗಳನ್ನು ಗುರುತಿಸಬೇಕು. ಅವೇ ನೆನಪುಗೂಟಗಳು. ಯಂತ್ರ ಆ ಗೂಟಗಳಿಗೆ ಅಂದಿನ ಅಂಕಿಗಳ ಚಿತ್ರಗಳನ್ನು ನೇತುಹಾಕುತ್ತದೆ. ಮರುದಿನ ಬೆಳಗ್ಗೆ ಹಳೆಯ ಚಿತ್ರಗಳನ್ನು ಅಳಿಸಿ ಗೂಟಗಳನ್ನು ಬರಿದು ಮಾಡುತ್ತದೆ. ಇದಕ್ಕೆ ತೊಳೆತ ಎಂದು ಹೆಸರು. ತೊಳೆತವಿಲ್ಲದ ತಲೆಗೆ ಹೊಸ ಅಂಕಿ ಕೊಡಬಾರದೆಂಬುದು ಮಂಡಳಿಯ ನಿಯಮ. ಹಳೆಯದೂ ಹೊಸದೂ ಕಲಸಿಹೋದರೆ ಒಂದಿಡೀ ಓಣಿ ಎಂಟು ದಿನ ಒಣಗಬೇಕು.

ಯಂತ್ರ ಬರುವ ಮುಂಚೆ ಯಮನೂರಪ್ಪ ಎರಡು ಸಲ ಹಾಗೆ ಓಣಿ ಒಣಗಿಸಿದ್ದ. ಖಾಲಿ ಕೊಡ ಹಿಡಿದು ನಿಂತ ಹೆಂಗಸರ ಮುಖ ಅವನನ್ನು ಬಹಳ ದಿನ ಕಾಡಿತ್ತು. ಆದ್ದರಿಂದ ಗೂಟ ಆರಿಸುವಾಗ ಅವನು ಪರೀಕ್ಷೆಗೆ ಕೂತವನಂತೆ ಯೋಚಿಸಿದ. ಜೊತೆಗಾರ ದಾವಲಸಾಬ ಬಸ್ ಸ್ಟ್ಯಾಂಡು ಆರಿಸಿದ್ದ. "ಮರೆತರ ಏನಾತೋ? ಒಂದು ಬಸ್ಸು ತಪ್ಪತೈತಿ, ಅಷ್ಟ!" ಎಂದು ನಕ್ಕಿದ್ದ. ಯಮನೂರಪ್ಪನಿಗೆ ಕಣ್ಣು ಮುಚ್ಚಿ ನಡೆಯಲು ಬರುತ್ತಿದ್ದದ್ದು ಒಂದೇ ಜಾಗದಲ್ಲಿ. ಹೆಂಡತಿ ಶಂಕ್ರವ್ವನೊಂದಿಗೆ ಇಪ್ಪತ್ತಮೂರು ವರ್ಷ ಬಾಳಿದ ಒಂಟಿ ಕೋಣೆಯ ಮನೆ. ಅವಳು ತೀರಿಕೊಂಡ ಮರುವರ್ಷ ನೀರಿನ ಟ್ಯಾಂಕ್ ಕಟ್ಟಲು ಅದನ್ನು ಕೆಡವಿದ್ದರು.

ಹೊಸ್ತಿಲು, ಗೋಡೆಯ ಮಾಡ, ಬೀಸುಕಲ್ಲು, ಜೋಳದ ಡಬ್ಬಿ, ಒಲೆ, ರೊಟ್ಟಿಯ ಹಂಚು. ಎಷ್ಟು ಸಲ ಎಣಿಸಿದರೂ ಮೂವತ್ತೊಂಬತ್ತು. ಮನೆಯಲ್ಲಿ ನಲವತ್ತು ಸಾಮಾನು ಇರಲಿಲ್ಲವೆಂದು ಡಾಕ್ಟರರ ಮುಂದೆ ಹೇಳಲು ಅವನಿಗೆ ನಾಚಿಕೆಯಾಯಿತು. ಒಲೆಯ ಮುಂದೆ ದಿನವೂ ಒಂದೇ ಕಡೆ ಕೂತು ರೊಟ್ಟಿ ಬಡಿಯುತ್ತಿದ್ದ ಶಂಕ್ರವ್ವನನ್ನೇ ನಲವತ್ತನೆಯ ಗೂಟ ಮಾಡಿದ. ಅರ್ಜಿಯಲ್ಲಿ "ಮಣೆ" ಎಂದು ಬರೆಸಿದ.

ಎಂಟು ತಿಂಗಳಲ್ಲಿ ಒಂದು ತಪ್ಪೂ ಆಗಲಿಲ್ಲ. ಮಂಡಳಿಯವರು ಅವನ ಹೆಸರನ್ನು ಫಲಕದ ಮೇಲೆ ಬರೆದರು.

ಆ ದಿನ ಚಹಾದಂಗಡಿಯ ಮುಂದೆ ದಾವಲಸಾಬ ಅವನ ಬೆನ್ನಿಗೆ ಗುದ್ದಿದ. "ಈಗ ಶಂಕ್ರವ್ವ ವೈನಿ ಇರಬೇಕಿತ್ತು ನೋಡಪಾ. 'ಅಂತೂ ನಮ್ಮವರಿಗೆ ತಲಿ ಬಂತು' ಅಂತ ಹೆಂಗ ನಗತಿದ್ರು! ಆ ನಗೂ ಹೆಂಗಿತ್ತು ನೆನಪೈತಿ?"

"ಐತಲ್ಲ," ಎಂದ ಯಮನೂರಪ್ಪ.

ನೆನಪಿರಲಿಲ್ಲ. ಹಾಗೇ ಎದ್ದು ಹೋಗಿ ಪಂಪ್‌ಹೌಸಿನ ಹಿಂದೆ ಕೂತು ಕಣ್ಣು ಮುಚ್ಚಿದ. ಒಲೆಯಿತ್ತು, ಬೆಂಕಿಯಿತ್ತು, ಬಣ್ಣ ಮಾಸಿದ ಸೀರೆಯಿತ್ತು. ಮುಖ ಇರಬೇಕಾದಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದ ಪಾಟಿಯಂಥ ಒಂದು ಬೂದು ಕಲೆ. ಜೇಬಿನಲ್ಲಿದ್ದ ಪಡಿತರ ಚೀಟಿಯ ಫೋಟೋ ತೆಗೆದು ನೋಡಿದ. ಕ್ಯಾಮೆರಾಗೆ ಹೆದರಿ ಕಣ್ಣರಳಿಸಿದ್ದ ಯಾವಳೋ ಒಬ್ಬ ಹೆಂಗಸು. ಅವಳು ನಕ್ಕದ್ದು ಅದರಲ್ಲಿರಲಿಲ್ಲ.

ಡಾಕ್ಟರ್ ಇಂದುಮತಿ ಅವನ ಮಾತನ್ನೆಲ್ಲ ಕೇಳಿ ಪೆನ್ನು ಕೆಳಗಿಟ್ಟರು.

"ನಲವತ್ತನೇದಕ್ಕ ಮಣಿ ಅಂತ ಬರೆಸಿದ್ರಲ್ರೀ ಯಮನೂರಪ್ಪ!"

"ಸುಳ್ಳು ಬರೆಸಿದ್ದೆ ಬಾಯವರ. ತಪ್ಪಾತು."

"ನಾವು ತೊಳೆತದ ಪರೀಕ್ಷೆ ಮಾಡಿದ್ದು ಕಂಬ, ಬಾಗಲಾ, ಕಲ್ಲಿನ ಮ್ಯಾಲ. ಅವು ಸವೆಯೂದಿಲ್ಲ. ಕಲ್ಲು ಯಾವಾಗ ನೆನಸಿದ್ರೂ ಅದ ಕಲ್ಲು. ಆದ್ರ ಮನುಷ್ಯಾರು ನೆನಪಿನ್ಯಾಗ ಹಂಗ ಕೂಡೂದಿಲ್ಲ. ಒಂದ್ಸಲ ನಗತಾರ, ಒಂದ್ಸಲ ಬೈತಾರ. ಅದರಾಗ ಅಂಕಿ ಯಾವುದು, ಅವರು ಯಾರು ಅಂತ ಯಂತ್ರಕ್ಕ ತಿಳಿಯೂದಿಲ್ಲ. ದಿನಾ ಅಂಕಿ ಜೋಡಿ ಅವರನ್ನೂ ಒಂದೀಟು ತೊಳದೈತಿ." ಅವರ ದನಿ ಇಳಿಯಿತು. "ಮನುಷ್ಯಾರನ್ನ ಗೂಟ ಮಾಡಬಹುದು ಅಂತ ನಮಗ ಹೊಳೀಲಿಲ್ಲ."

"ತಿರುಗಿ ಬರೂದಿಲ್ಲೇನ್ರಿ?"

"ಇಲ್ಲ."

ಹೊರಗೆ ಯಾರೋ ವಾಲ್ವಿನ ಉದ್ದ ಕೀಲಿಯನ್ನು ನೆಲಕ್ಕೆ ತಾಗಿಸುತ್ತ ನಡೆದುಹೋದರು.

"ಬ್ಯಾರೆ ಗೂಟ ಆರಿಸಿಕೊಡ್ತೀನಿ," ಎಂದರು ಡಾಕ್ಟರರು. "ಆದ್ರ ಅದಕ್ಕೂ ಮದಲು ಈ ನಲವತ್ತನೇದನ್ನ ಇನ್ನೊಮ್ಮೆ ತೊಳೀಬೇಕಾಗತೈತಿ. ಉಳಿದದ್ದು ಎಷ್ಟು ನಿಲ್ಲತೈತೋ ನನಗ ಗೊತ್ತಿಲ್ಲ."

"ತೊಳೀದಿದ್ರ?"

"ನೌಕರಿ ಬಿಡಬೇಕಾಗತೈತಿ. ಇವತ್ತಿನ ಅಂಕಿ ಸಾಯೂ ತನಕ ಅಲ್ಲೇ ನಿಲ್ಲತಾವ."

ಯಮನೂರಪ್ಪ ಕಣ್ಣು ಮುಚ್ಚಿದ. ನಲವತ್ತನೆಯ ಓಣಿ: ಏಳು, ಸೊನ್ನೆ, ಒಂದು, ಐದು. ಕುಡುಗೋಲು, ರೊಟ್ಟಿ, ಒನಕೆ, ಕೈ. ಮಾಸಿದ ಸೀರೆಯ ಮಡಿಲಲ್ಲಿ ಕುಡುಗೋಲು, ಅದರ ತುದಿಗೆ ರೊಟ್ಟಿ, ಪಕ್ಕದಲ್ಲಿ ಒನಕೆ, ಒನಕೆಯ ಮೇಲೆ ಒಂದು ಕೈ. ಬೆಳಗಿನಿಂದ ಅಂಕಿಗಾಗಿ ಹತ್ತು ಸಲ ನೋಡಿದ್ದ ಕೈಯನ್ನು ಈಗ ಮೊದಲ ಸಲ ಸರಿಯಾಗಿ ನೋಡಿದ. ಮಣಿಕಟ್ಟಿನ ಮೇಲೆ ಹುಣಸೆಬೀಜದಷ್ಟು ಸುಟ್ಟ ಗಾಯದ ಗುರುತಿತ್ತು.

"ಬಾಯವರ, ಐದಕ್ಕ ಯಂತ್ರ ಎಂಥಾ ಕೈ ತೋರಸತೈತ್ರಿ?"

"ಬರೇ ಕೈ. ಎಲ್ಲಾರಿಗೂ ಅದ."

"ಸುಟ್ಟ ಕಲಿ ಇರತೈತೇನ್ರಿ?"

ಡಾಕ್ಟರರು ಅವನನ್ನು ನೋಡಿದರು. ಇಲ್ಲವೆಂದು ತಲೆಯಾಡಿಸಿದರು.

ಮದುವೆಯಾದ ಹೊಸದರಲ್ಲಿ ಶಂಕ್ರವ್ವನಿಗೆ ಹಂಚು ತಾಗಿ ಆದ ಗಾಯ ಅದು. ಬೆಣ್ಣೆ ಹಚ್ಚಿದವನು ಅವನೇ. ಆಗ ಅವಳು ಏನೋ ಅಂದಿದ್ದಳು. ಆ ಮಾತು ಈಗ ನೆನಪಿನಲ್ಲಿರಲಿಲ್ಲ. ಯಮನೂರಪ್ಪ ತನ್ನ ಹೆಗಲ ಮೇಲಿನ ವಾಲ್ವಿನ ಕೀಲಿಯನ್ನು ಮೆಲ್ಲಗೆ ಇಳಿಸಿ ಮೇಜಿನ ಮೇಲಿಟ್ಟ.

"ವಿಚಾರ ಮಾಡ್ರಿ," ಎಂದರು ಡಾಕ್ಟರರು.

"ಮಾಡೀನ್ರಿ."

ಮರುದಿನದಿಂದ ಅವನ ನಲವತ್ತು ಓಣಿ ದಾವಲಸಾಬನ ಪಾಲಾದವು. ಬಸ್ ಸ್ಟ್ಯಾಂಡಿಗೆ ರೈಲ್ವೆ ಸ್ಟೇಷನ್ನನ್ನೂ ಸೇರಿಸಿಕೊಂಡು ಅವನು ಹೇಗೋ ನಿಭಾಯಿಸಿದ. ಮಂಡಳಿಯ ಅರ್ಜಿಯಲ್ಲಿ ಹೊಸದೊಂದು ಸಾಲು ಸೇರಿತು: "ಗೂಟವು ನಿರ್ಜೀವ ವಸ್ತುವೇ ಆಗಿರಬೇಕು."

ಯಮನೂರಪ್ಪ ಈಗ ಸಂಜೆ ಟ್ಯಾಂಕಿನ ಕಟ್ಟೆಯ ಮೇಲೆ ಕೂರುತ್ತಾನೆ. ಹಳೆಯ ಒಲೆ ಇದ್ದದ್ದು ಸುಮಾರು ಅಲ್ಲೇ. ಕಣ್ಣು ಮುಚ್ಚಿ "ಏಳು, ಸೊನ್ನೆ, ಒಂದು, ಐದು" ಎನ್ನುತ್ತಾನೆ. ಕೈ ಬರುತ್ತದೆ. ಕಲೆ ಕೆಲವು ದಿನ ಎಡಗೈಯ ಮೇಲಿರುತ್ತದೆ, ಕೆಲವು ದಿನ ಬಲಗೈಯ ಮೇಲೆ. ಯಾವುದು ನಿಜವೆಂದು ಕೇಳಲು ಯಾರೂ ಇಲ್ಲ. ಕಲೆ ಕೈ ಬದಲಿಸಿದ ದಿನ ಅವನು ಇನ್ನಷ್ಟು ಬೇಗ ಬೇಗ ಹೇಳುತ್ತಾನೆ.

ಒಮ್ಮೆ ನಲವತ್ತನೆಯ ಓಣಿಯ ಹೆಂಗಸೊಬ್ಬಳು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಹೋಗುವಾಗ ಅದನ್ನು ಕೇಳಿಸಿಕೊಂಡು ನಿಂತಳು.

"ಕಾಕಾ, ಅದು ಯಾವುದೋ ಬೀಗದ ಹಳೇ ನಂಬರಲ್ಲ? ಈಗ ಅದರಿಂದ ಏನೂ ತೆರಿಯೂದಿಲ್ಲ."

"ಹೌದವ್ವಾ," ಎಂದ ಯಮನೂರಪ್ಪ ಕಣ್ಣು ತೆರೆಯದೆ. "ಸ್ವಲ್ಪ ಸುಮ್ನಿರು. ಈಗ ಕೈ ಬಂದೈತಿ."