ಏಪ್ರಿಲ್ ತಿಂಗಳ ಕುಂಟಾಲ ಜಲಪಾತ

"ನೀರೆಲ್ಲಿ ಐತ್ರಿ?" ಅಂದಳು ಹರ್ಷದಾ.

ಎದುರಿಗೆ ಕುಂಟಾಲ ಜಲಪಾತ. ಜಲಪಾತವೇನು ಬಂತು, ಒಣಗಿ ನಿಂತ ಬಂಡೆ. ಬುಡದಲ್ಲಿ ಪಾಚಿಗಟ್ಟಿದ ಹೊಂಡ ಅಷ್ಟೇ.

ಹೈದರಾಬಾದಿನ ಅಮೀರ್‌ಪೇಟ್‌ನ ಕೋಚಿಂಗ್ ಗೆಳೆಯರೆಲ್ಲ ಮಳೆಗಾಲ ಮುಗಿಯಲಿ ಅಂದಿದ್ದರು. ಏಪ್ರಿಲ್ಲೇ ಆಗಬೇಕೆಂದು ಹಟ ಹಿಡಿದವಳು ಇವಳು. ಕಾರಣ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕ್ಲಾಸು ಮುಗಿದರೆ ವಿಜಯಪುರಕ್ಕೆ ವಾಪಸು. ಅಷ್ಟರೊಳಗೆ ಮಲ್ಕಾಜ್‌ಗಿರಿಯ ಕನ್ನಡದ ಹುಡುಗ, ಅದೇ ಕ್ಲಾಸಿನ ನಿತಿನನ ಜೊತೆ ಒಂದು ದಿನ ಬೇಕಿತ್ತು. ಪ್ರೀತಿಗೆ ಬಿದ್ದವಳು ಪಂಚಾಂಗ ನೋಡುತ್ತಾಳೆಯೇ?

ಬೆವರೊರೆಸಿಕೊಳ್ಳುತ್ತ ಎಲ್ಲರೂ ನಕ್ಕರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು ಅವಳಿಗೆ.

ಅಷ್ಟರಲ್ಲಿ ನಿತಿನ ಗಾಡಿಯ ಡ್ರೈವರಿಗೆ ತೆಲುಗಿನಲ್ಲಿ ಏನೋ ಹೇಳಿದ. ಅವಳಿಗೆ ಕೇಳಿದ್ದು ಒಂದೇ ಪದ, "ಮಳ್ಳಿ..." ಡ್ರೈವರ್ ಇವಳತ್ತ ನೋಡಿ ನಕ್ಕ.

ಮಳ್ಳಿ! ಅವಳ ಊರಲ್ಲಿ ಹಾಗೆಂದರೆ ಬುದ್ಧಿಗೇಡಿ ಹೆಣ್ಣು. ಬೇರೆ ಯಾರಾದರೂ ಅಂದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ... ಇವನೇ ಅಂದನಲ್ಲ.

"ಯಾರಿಗ್ರೀ ಮಳ್ಳಿ ಅಂತೀರಿ? ಮಂದಿ ಮುಂದ ಹೆಣ್ಮಕ್ಕಳ ಮರ್ಯಾದಿ ಕಳ್ಯೂದು ನಿಮಗ ದೊಡ್ಡಸ್ತನ ಏನು?"

"ಹರ್ಷದಾ, ನಾ ಅಂದದ್ದು..."

"ಏನೂ ಹೇಳಬ್ಯಾಡ್ರಿ. ನಿಮ್ಮ ಮಾರಿ ನೋಡೂದೂ ಬ್ಯಾಡ ನನಗ."

ಅವನ ಮುಖ ಬಾಡಿತು. ಹೋಗಿ ಮುಂದಿನ ಸೀಟಿನಲ್ಲಿ ಕೂತ.

ಹಿಂತಿರುಗುವ ದಾರಿಯಲ್ಲಿ, ಹೈದರಾಬಾದಿನಲ್ಲೇ ಬೆಳೆದ ಗೆಳತಿ ನಿಖಿತಾ ಪಿಸುಗುಟ್ಟಿದಳು.

"ತೆಲುಗಿನ್ಯಾಗ ಮಳ್ಳಿ ಅಂದ್ರ ಮತ್ತೊಮ್ಮೆ ಅಂತ. ಮಳಿಗಾಲದಾಗ ಈಕೀನ್ನ ಮತ್ತೊಮ್ಮೆ ಕರ್ಕೊಂಡು ಬರ್ತೀನಿ ಅಂದಾನ ಅಂವ."

ಹರ್ಷದಾಳ ಕಿವಿ ಕಾದವು. ಕೂಗಾಡಿ ಬಾಯಿ ಮುಚ್ಚಿಸಿದ್ದು ಯಾರದು... ಮುಂದಿನ ಸೀಟಿನತ್ತ ಕಣ್ಣೆತ್ತಲೂ ಆಗಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂತ ಹಾಸ್ಟೆಲಿನಲ್ಲಿ ಮುಸುಕು ಹಾಕಿ ಮಲಗಿದವಳು ಕ್ಲಾಸಿನ ಕಡೆ ತಲೆಹಾಕಲಿಲ್ಲ.

ಊರಿಗೆ ಹೊರಡುವ ದಿನ ಹತ್ತಿರವಾಯಿತು. ಹೀಗೇ ಹೋದರೆ ಅವನ ಮನಸ್ಸಿನಲ್ಲಿ ಜನ್ಮವಿಡೀ ಆ ಮಾತೇ ಉಳಿಯುತ್ತದೆ. ನಾಚಿಕೆಯನ್ನು ಹೊತ್ತುಕೊಂಡೇ ಅವನು ದಿನಾ ಇಳಿದು ಬರುವ ಮೆಟ್ರೋ ಮೆಟ್ಟಿಲ ಬಳಿ ಬಂದು ಕಾದಳು.

ನಿತಿನ ಬಂದ. ಅವಳು ನೆಲ ನೋಡುತ್ತ ಅಂದಳು, "ತಪ್ಪಾತ್ರಿ. ಮಾತು ಗೊತ್ತಿಲ್ಲದ ಒದರಿಬಿಟ್ಟೆ. ನಿಮಗ ಮಾರಿ ತೋರ್ಸಾಕ ಭಾಳ ನಾಚಿಕಿ ಆಗಾಕತ್ತೈತಿ."

"ನನಗೂ ಭಾಳ ನೋವಾತು," ಅಂದ ಅವನು. ಸುಳ್ಳು ಹೇಳಲಿಲ್ಲ.

ಅವಳ ಕಣ್ಣು ತುಂಬಿತು. "ಏಪ್ರಿಲ್‌ನ್ಯಾಗ ನೀರಿರಂಗಿಲ್ಲಂತ ನಿಮಗ ಗೊತ್ತಿತ್ತಲ್ಲ... ಯಾಕ ಬಂದ್ರಿ?"

"ನೀವು ಕರದ್ರಿ, ಬಂದೆ."

ಅವಳಿಗೆ ಅಳು ತಡೆಯಲಿಲ್ಲ. ಜನ ನೋಡುತ್ತಿದ್ದರು. ನೋಡಲಿ ಬಿಡಿ.

"ನನಗ ನೀರು ನೋಡೂದಿರಲಿಲ್ರಿ," ಅಂದಳು ಮೆಲ್ಲಗೆ. "ನಿಮ್ಮ ಜೋಡಿ ಒಂದು ದಿನ ಇರೂದಿತ್ತು."

ನಿತಿನ ಕರವಸ್ತ್ರ ತೆಗೆದು ಅವಳ ಮುಂದೆ ಹಿಡಿದ. "ಹಂಗಾದ್ರ ಮಳಿಗಾಲದ ತನಕ ಯಾಕ ಕಾಯೂದು? ಊರಾಗ ನಿಮ್ಮ ಮನಿ ಎಲ್ಲಿ ಬರ್ತೈತಿ, ಹೇಳ್ರಿ. ನಮ್ಮ ಹಿರೇರನ್ನ ಕರ್ಕೊಂಡು ಬರ್ತೀನಿ."

ಅವಳು ಮೊದಲ ಸಲ ತಲೆ ಎತ್ತಿದಳು. "ಊರಾಗ ಈಗ ಭಾಳ ಬಿಸಲೈತ್ರಿ..."

"ಇರ್ಲಿ ಬಿಡ್ರಿ," ಅಂದ ಅವನು.