ಅಂಟಿಲ್ಲದ ಕೆಂಪು ಕಾರ್ಡು

ಡಬ್ಬಿ ಖಾಲಿ.

ಪೂಜಿತಾ ಫೋನಿನಲ್ಲಿ ಹೇಳಿದ್ದು ಅಷ್ಟೇ. ಆಮೇಲೆ ಬರೀ ಅಳು. ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆ. ಮರುದಿನ ಹತ್ತು ಗಂಟೆಗೆ ಅವಳ ಧಾರೆ. ನನ್ನ ಹೆಂಡತಿ ಸಿಸಿಲಿಯಾ ಎರಡೇ ಪ್ರಶ್ನೆ ಕೇಳಿದಳು. ಬೇರೆ ಏನಾದರೂ ಹೋಗಿದೆಯೇ? ಡಬ್ಬಿಗೆ ಮುಚ್ಚಳ ಹಾಕಿತ್ತೇ? ಬೇರೇನೂ ಹೋಗಿರಲಿಲ್ಲ. ಮುಚ್ಚಳ ಬಿಗಿಯಾಗಿಯೇ ಇತ್ತು. ಯಾರೂ ಕಸ ಹೊರಗೆ ಹಾಕಬೇಡಿ, ನಾವು ಬರುತ್ತೇವೆ ಎಂದು ಫೋನಿಟ್ಟಳು. ನಾವು ಎಂದರೆ, ನಾನು ಗಾಡಿ ಓಡಿಸಬೇಕು ಎಂದರ್ಥ.

ನಾನು ಆಂಟನಿ. ಮಂಗಳೂರಿನವ, ಇಪ್ಪತ್ತೆರಡು ವರ್ಷದಿಂದ ಅಮೆರಿಕದ ಮುಕಿಲ್ಟಿಯೊ ಊರಿನವ. ಸಿಸಿಲಿಯಾ ವಿಮಾನದ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಪೊಲೀಸ್ ಅಲ್ಲ, ಬಿಡಿಭಾಗಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಹುಡುಕುವ ಕೆಲಸ. ಅದೇ ಕಣ್ಣು ಮನೆಗೂ ಬರುತ್ತದೆ, ನನ್ನ ಕಷ್ಟ ನನಗೇ ಗೊತ್ತು. ಕನ್ನಡ ಬಳಗದ ನಾಟಕದ ದಿನ ಕಾಣೆಯಾದ ಹಾರ್ಮೋನಿಯಂ ಪತ್ತೆ ಮಾಡಿಕೊಟ್ಟ ಮೇಲಂತೂ, ಯಾರ ಮನೆಯಲ್ಲಿ ಏನು ಕಳೆದರೂ ಫೋನು ನಮಗೇ.

ನಾನೂರೈದನೇ ಹೆದ್ದಾರಿಯಲ್ಲಿ ಗಾಡಿಗಳು ತೆವಳುತ್ತಿದ್ದವು. ಪೂಜಿತಾಳ ಮನೆಯಿರುವ ಈಸ್ಟ್‌ಗೇಟ್ ಸೇರಲು ಒಂದೂಕಾಲು ಗಂಟೆ ಹಿಡಿಯಿತು. ಅಷ್ಟರೊಳಗೆ ಆ ಡಬ್ಬಿಯಲ್ಲಿದ್ದ ಕಾರ್ಡಿನ ಕಥೆ ಹೇಳಿಬಿಡುತ್ತೇನೆ.

ಪೂಜಿತಾಳ ತಾಯಿ ಶಾಮಲಾ ಕೈಯಲ್ಲೇ ಗ್ರೀಟಿಂಗ್ ಕಾರ್ಡು ಮಾಡುತ್ತಿದ್ದರು. ಎರಡು ವಾರಕ್ಕೊಮ್ಮೆ ಶನಿವಾರ ಮಹಡಿಯ ಕೋಣೆಯಲ್ಲಿ ಕ್ಲಾಸು. ಅವರದು ಒಂದೇ ನಿಯಮ: ಅಂಟು ಮುಟ್ಟಬಾರದು. ಹೂವೋ ಹಕ್ಕಿಯೋ ಬಾಗಿಲೋ, ಏನೇ ಮಾಡಿದರೂ ಕಾಗದ ತನ್ನ ಮಡಿಕೆಯ ಬಲದಿಂದಲೇ ನಿಲ್ಲಬೇಕು. ಮಡಿಕೆಯನ್ನು ಉಜ್ಜಿ ಕೂರಿಸಲು ಅಂಗಡಿಯ ಉಪಕರಣ ಬೇಡ, ಸ್ಟೀಲ್ ಚಮಚದ ಬೆನ್ನು ಸಾಕು. ಸಿಸಿಲಿಯಾ ಆ ಕ್ಲಾಸಿಗೆ ಆರು ವರ್ಷ ಹೋದಳು. ವಿದ್ಯೆ ಕೈಗೆ ಹತ್ತಲಿಲ್ಲ, ಆದರೆ ಸ್ನೇಹ ಹತ್ತಿತು.

ಶಾಮಲಾ ತೀರಿಕೊಂಡು ಮೂರು ವರ್ಷ. ಹಾಸಿಗೆ ಹಿಡಿದಾಗ ಅವರು ಕೊನೆಯದಾಗಿ ಮಡಚಿದ್ದು ಒಂದು ಕೆಂಪು ಕಾರ್ಡು. ಅಂಗೈ ಅಗಲ, ನಾಲ್ಕು ದಳ. ಒಂದರ ಅಂಚು ಇನ್ನೊಂದರ ಕೆಳಗೆ ಸೇರಿ ತಾನೇ ಬಿಗಿಯಾಗಿ ಕೂತಿತ್ತು. ಬೆನ್ನಿಗೆ ಬರೆದಿದ್ದರು: ‘ಪುಟ್ಟಿಗೆ. ಧಾರೆಯ ದಿನ ಬೆಳಿಗ್ಗೆ.’ ಮೂರು ವರ್ಷ ಪೂಜಿತಾ ಅದನ್ನು ನೀಲಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಆಗಾಗ ತೆಗೆದು ನೋಡಿ, ಬಿಚ್ಚದೆ ಹಾಗೇ ಇಡುತ್ತಿದ್ದಳು. ನಾನಾಗಿದ್ದರೆ ಮೂರು ದಿನವೂ ತಡೆಯುತ್ತಿರಲಿಲ್ಲ.

ಬಾಗಿಲು ತೆರೆದವರು ಅವಳ ತಂದೆ ಅಶ್ವತ್ಥನಾರಾಯಣ. ಮುಖ ಸೋತಿತ್ತು. ಊಟದ ಮೇಜಿನ ತುಂಬ ಅಕ್ಷತೆಯ ಪೊಟ್ಟಣ. ನೆಂಟರಿಗೆ ಹಂಚಲು ಇನ್ನೂರು ಕಟ್ಟಬೇಕಂತೆ, ನೂರೈವತ್ತಾಗಿತ್ತು. ನಂಜನಗೂಡಿನಲ್ಲಿ ಅವರ ತಂದೆಯದು ದಿನಸಿ ಅಂಗಡಿ. ಎಂಟನೇ ವಯಸ್ಸಿಗೇ ಬೇಳೆ ಬೆಲ್ಲ ಕಟ್ಟಿದ ಕೈ. ದಾರವಿಲ್ಲ, ಟೇಪಿಲ್ಲ. ನಾಳೆ ಗಡಿಬಿಡಿಯಲ್ಲಿ ನಿಮಗೆ ಸಿಗುವುದಿಲ್ಲ ಎಂದು ಒಂದನ್ನು ನನ್ನ ಅಂಗಿಯ ಜೇಬಿಗೆ ಹಾಕಿ ಮತ್ತೆ ಕಟ್ಟಲು ಕೂತರು. ಮಗಳ ಮದುವೆಯ ಮನೆಯಲ್ಲಿ ಇಷ್ಟು ಕಡಿಮೆ ಮಾತಾಡುವ ತಂದೆಯನ್ನು ನಾನು ನೋಡಿರಲಿಲ್ಲ. ಧಾರೆಯನ್ನೂ ತಾವು ಎರೆಯುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಅದು ಗಂಡ ಹೆಂಡತಿ ಜೊತೆಗೆ ನಿಂತು ಮಾಡುವ ಕೆಲಸ, ಜೋಡಿಯಿಲ್ಲದ ನಾನು ಹೇಗೆ ನಿಲ್ಲಲಿ ಎಂದು ತಮ್ಮನಿಗೂ ನಾದಿನಿಗೂ ಒಪ್ಪಿಸಿದ್ದರು. ಅವರಿಬ್ಬರು ಆ ಸಂಜೆಯ ವಿಮಾನಕ್ಕೆ ಬರುವವರಿದ್ದರು.

ಮಹಡಿಯ ಕೋಣೆಯಲ್ಲಿ ಪೂಜಿತಾ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಕೊನೆಗೆ ನೀನು ನೋಡಿದ್ದು ಯಾವಾಗ?" ಸಿಸಿಲಿಯಾ ಕೇಳಿದಳು.

"ಹದಿನೈದು ದಿನ ಆಯ್ತು ಆಂಟಿ. ಮದುವೆ ಕೆಲಸದಲ್ಲಿ ಆಮೇಲೆ ನೋಡ್ಲೇ ಇಲ್ಲ."

"ಈ ಕೋಣೆಗೆ ಬರುವವರು ಯಾರೆಲ್ಲ ಉಂಟು?"

ಮೂರೇ ಜನ. ಅಪ್ಪ. ಮದುಮಗ ಅಖಿಲ್. ಮತ್ತೆ ಸುಪ್ರಿಯಾ, ಶಾಮಲಾರ ಅತ್ಯಂತ ಒಳ್ಳೆಯ ಶಿಷ್ಯೆ, ಅವರು ಹೋದ ಮೇಲೆ ಶನಿವಾರದ ಕ್ಲಾಸನ್ನು ತನ್ನ ಮನೆಯಲ್ಲಿ ನಡೆಸುತ್ತ, ಸಾಮಾನಿಗೆಂದು ಇಲ್ಲಿಗೆ ಬಂದುಹೋಗುವವಳು. ಬೆಲೆಯಿರುವ ಎಷ್ಟೋ ವಸ್ತುಗಳು ಮನೆಯಲ್ಲಿದ್ದವು. ಒಡವೆಯ ಪೆಟ್ಟಿಗೆ ಡಬ್ಬಿಯಿದ್ದ ಕಪಾಟಿನ ಕೆಳಗಿನ ಅರೆಯಲ್ಲೇ ಇತ್ತು. ಅದನ್ನು ಬಿಟ್ಟು ಒಂದು ಕಾಗದ ಯಾರಿಗೆ ಬೇಕು?

ಕಾರ್ಡಿನ ಫೋಟೋ ಏನಾದರೂ ಇದೆಯೇ ಎಂದು ನಾನು ಸಮಾಧಾನಕ್ಕೆ ಕೇಳಿದೆ. ಕೇಳಬಾರದಿತ್ತು.

"ಹೊರಗಿನ ಫೋಟೋ ಇದೆ ಅಂಕಲ್. ಒಳಗೆ ಏನು ಬರ್ದಿದಾರೆ ನಂಗೊತ್ತಿಲ್ಲ. ಅಮ್ಮನ ವಾಯ್ಸ್ ಮೆಸೇಜ್ ಎಲ್ಲ ಫೋನ್ ಬದಲಾಯಿಸಿದಾಗ ಹೋಯ್ತು. ಅಮ್ಮ ನಂಗೆ ಹೇಳೋದು ಇನ್ನೂ ಬಾಕಿ ಇರೋದು ಅದೊಂದೇ."

ಸಿಸಿಲಿಯಾ ಮೇಜಿನ ಖಾನೆ ಎಳೆದು ಕೆಂಪು ಹಾಳೆಗಳ ಕಟ್ಟು ತೆಗೆದಳು. ಶಾಮಲಾ ತರಿಸಿದ್ದು ಇಪ್ಪತ್ತೈದು, ಬಳಸಿದ್ದು ಒಂದು, ಉಳಿದದ್ದನ್ನು ಯಾರೂ ಮುಟ್ಟುವುದಿಲ್ಲ ಎಂದಳು ಪೂಜಿತಾ. ಎಣಿಸಿದರೆ ಹದಿಮೂರೇ ಇದ್ದವು. ಹನ್ನೊಂದು ಹಾಳೆ ಎಲ್ಲಿ?

ರಿಸೈಕಲ್ ಡಬ್ಬಿಯನ್ನು ಜಾಲಾಡುವ ಭಾಗ್ಯ ನನ್ನದು. ಇಸ್ತ್ರಿಯ ಅಂಗಿ ತೊಟ್ಟು, ಅಕ್ಕಪಕ್ಕದ ಅಮೆರಿಕನ್ನರು ನೋಡುತ್ತಿರುವಾಗ, ಹಾಲಿನ ಖಾಲಿ ಕ್ಯಾನುಗಳ ನಡುವೆ ತಲೆ ಹಾಕಿದೆ. ಒಂದು ಸೀರಿಯಲ್ ಡಬ್ಬದ ಬಾಯಿ ಒತ್ತಿ ಮುಚ್ಚಿತ್ತು. ಒಳಗೆ ಕೆಂಪು ಕಾಗದದ ಉಂಡೆಗಳು ಸರಿಯಾಗಿ ಹನ್ನೊಂದು. ಯಾರೋ ಬೇಕೆಂದೇ ಬಚ್ಚಿಟ್ಟು ಎಸೆದಿದ್ದರು.

ಸಿಸಿಲಿಯಾ ಒಂದೊಂದನ್ನೇ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಎಲ್ಲದರಲ್ಲೂ ನಾಲ್ಕು ದಳ ಮಾಡುವ ಪ್ರಯತ್ನ, ಎಲ್ಲವೂ ಅರ್ಧಕ್ಕೇ ಕೆಟ್ಟಿದ್ದವು. ಅಂದರೆ, ಕಾರ್ಡನ್ನು ತೆಗೆದವರು ಅದರ ನಕಲು ಮಾಡಲು ನೋಡಿದ್ದಾರೆ.

ನನ್ನ ಗುಮಾನಿ ಸುಪ್ರಿಯಾ ಮೇಲೆ. ಅವಳು ಕಾರ್ಡುಗಳನ್ನು ಮಾರುತ್ತಾಳೆ. ಅದೂ ಅಲ್ಲದೆ, ಆ ಕೆಂಪು ಕಾರ್ಡನ್ನು ಒಮ್ಮೆ ಬಿಚ್ಚಿ ತೋರಿಸು ಎಂದು ಪೂಜಿತಾಳನ್ನು ಎರಡು ಸಲ ಗೋಗರೆದಿದ್ದಳು. ಫೋನು ಮಾಡಿದ ಕೂಡಲೇ ಬಂದಳು. ಸಿಸಿಲಿಯಾ ಸುತ್ತು ಬಳಸಲಿಲ್ಲ.

"ನೀವು ಅದನ್ನು ಬಿಚ್ಚಿ ನೋಡ್ಬೇಕು ಅಂದದ್ದು ಯಾಕೆ?"

"ಮುಟ್ಟಿ ನೋಡಿದ್ರೆ ನಡುವೆ ದಪ್ಪ ಇತ್ತು ಸಿಸಿಲಿಯಾ. ನಾಲ್ಕು ದಳದಲ್ಲಿ ಅಷ್ಟು ದಪ್ಪ ಬರಲ್ಲ. ಮೇಡಂ ಒಳಗೇನೋ ಬೇರೆ ಮಡಿಕೆ ಮಾಡಿದಾರೆ, ಅದನ್ನ ಕಲೀಬೇಕು ಅಂತ ಆಸೆ. ಕದಿಯೋಳಲ್ಲ ನಾನು."

ಅಖಿಲ್‌ನನ್ನೂ ಕರೆಸಿದೆವು. ಕ್ಯಾನ್ಯನ್ ಪಾರ್ಕಿನ ಔಷಧ ಕಂಪನಿಯೊಂದರಲ್ಲಿ ಕೆಲಸ ಮಾಡುವ ಉದ್ದನೆಯ ಹುಡುಗ. ಮದುವೆಯ ಸ್ಲೈಡ್ ಶೋಗೆ ಕಾರ್ಡನ್ನು ಸ್ಕ್ಯಾನ್ ಮಾಡೋಣವೇ ಎಂದು ಕೇಳಿದ್ದೇನೋ ನಿಜ, ಪೂಜಿತಾ ಬೇಡ ಎಂದ ಮೇಲೆ ಬಿಟ್ಟೆ ಎಂದ. ಮಾತು ನೆಟ್ಟಗಿತ್ತು, ಆದರೆ ನೆಟ್ಟಗೆ ಮಾತಾಡುವ ಕಳ್ಳರನ್ನೂ ಕಂಡಿದ್ದೇನೆ.

ಸಿಸಿಲಿಯಾ ಇಬ್ಬರ ಮುಂದೆಯೂ ಒಂದೊಂದು ಬಿಳಿ ಹಾಳೆ ಇಟ್ಟು, ನಾಲ್ಕು ದಳ ಮಡಚಿ ಎಂದಳು.

ಸುಪ್ರಿಯಾ ಚೀಲದಿಂದ ಚಮಚ ತೆಗೆದು, ಎರಡು ನಿಮಿಷದಲ್ಲಿ ಹೂ ಮಾಡಿಟ್ಟಳು. ಮಡಿಕೆಗಳು ಮಿಂಚುತ್ತಿದ್ದವು. ಅಖಿಲ್‌ಗೆ ಹಾಳೆಯನ್ನು ಅರ್ಧಕ್ಕೆ ಮಡಚಲೂ ಬರಲಿಲ್ಲ. ಮೂಲೆಗೂ ಮೂಲೆಗೂ ಎರಡು ಬೆರಳಿನ ಅಂತರ. ನಾಳೆ ಮದುವೆಯಾಗುವ ಹುಡುಗ ಬೆವರಿಬಿಟ್ಟ.

"ಇಬ್ಬರೂ ಅಲ್ಲ," ಎಂದಳು ಸಿಸಿಲಿಯಾ.

ಸುಪ್ರಿಯಾ ಆಗಿದ್ದರೆ ಹನ್ನೊಂದು ಹಾಳೆ ಕೆಡುತ್ತಿರಲಿಲ್ಲ, ಒಂದೇ ಸಾಕಿತ್ತು. ಅದೂ ಅಲ್ಲದೆ ಈ ಮಡಿಕೆಗಳನ್ನು ಉಜ್ಜಿದ್ದು ಚಮಚದಿಂದಲ್ಲ, ಉಗುರಿನಿಂದ. ಅಖಿಲ್ ಆಗಿದ್ದರೆ ಮೊದಲ ಮಡಿಕೆಯೇ ಸೊಟ್ಟಗಿರುತ್ತಿತ್ತು. ಇಲ್ಲಿ ಹನ್ನೊಂದರಲ್ಲೂ ಮೂಲೆಗೆ ಮೂಲೆ ಕೂಡಿತ್ತು. ಕಾಗದ ಹಿಡಿದು ಪಳಗಿದ ಕೈ, ಆದರೆ ಕಾರ್ಡು ಮಾಡಿ ಪಳಗಿದ ಕೈಯಲ್ಲ. ಹೀಗೆ ವಿವರಿಸಿ ಅವಳು ಕೆಳಗಿಳಿದಳು. ನಾವೆಲ್ಲ ಹಿಂದೆಯೇ ಹೋದೆವು.

"ಅಲ್ಲ ಮಾರಾಯ್ತಿ, ಒಬ್ಬರ ಕೈಯಲ್ಲಿ ನೀನು ಮಡಚಿಸ್ಲೇ ಇಲ್ಲ," ಎಂದು ಮೆಟ್ಟಿಲ ಮೇಲೆ ನಾನು ಪಿಸುಗುಟ್ಟಿದೆ.

"ಯಾಕೆ ಮಡಚಿಸ್ಬೇಕು? ಅವರು ಬೆಳಿಗ್ಗೆಯಿಂದ ಮಡಚ್ತಾನೇ ಇದ್ದಾರಲ್ಲ."

ಅವಳು ನನ್ನ ಜೇಬಿಗೆ ಕೈ ಹಾಕಿ ಪೊಟ್ಟಣ ತೆಗೆದಳು. ಅಕ್ಷತೆಯನ್ನು ನನ್ನ ಅಂಗೈಗೆ ಸುರಿದು, ಕಾಗದವನ್ನು ಬಿಡಿಸಿ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಒಂದು ಕೆಂಪು ಹಾಳೆ. ಎರಡರಲ್ಲೂ ಒಂದೇ ಜಾಗದಲ್ಲಿ ಓರೆಯಾದ ಒಂದು ಗೆರೆ. ಪೊಟ್ಟಣ ಕಟ್ಟುವವರು ಕೊನೆಯ ಮೂಲೆಯನ್ನು ಒಳಗೆ ತುರುಕಿ ಬೀಗ ಹಾಕುತ್ತಾರಲ್ಲ, ಆ ಗೆರೆ. ಹನ್ನೊಂದು ಹಾಳೆಯಲ್ಲೂ ಅದು ಇತ್ತು. ದಳವಾಗಿ ಹೊರಗೆ ಉಳಿಯಬೇಕಾದ ಮೂಲೆಯನ್ನು ಆ ಕೈ ಅಭ್ಯಾಸ ಬಲದಿಂದ ಒಳಗೇ ತುರುಕಿತ್ತು, ಹಾಗಾಗಿಯೇ ಹೂ ಪ್ರತಿ ಸಲ ಕೆಟ್ಟಿತ್ತು. ಅದು ಬೆಳಿಗ್ಗೆಯಿಂದ ನನ್ನ ಎದೆಯ ಮೇಲೇ ಇತ್ತು, ನನಗೆ ಕಾಣಲಿಲ್ಲ.

ಅಶ್ವತ್ಥನಾರಾಯಣರ ಕೈ ನಿಂತಿತು.

"ಅಂಕಲ್, ಕಾರ್ಡು ತೆಗ್ದದ್ದು ನೀವು," ಎಂದಳು ಸಿಸಿಲಿಯಾ. "ಕದ್ದದ್ದಲ್ಲ. ಬಿಚ್ಚಿದ್ದು. ಮತ್ತೆ ಮುಚ್ಲಿಕ್ಕೆ ಆಗ್ಲಿಲ್ಲ."

ಅವರು ಇಲ್ಲವೆನ್ನಲಿಲ್ಲ. ಎರಡು ವಾರದ ಹಿಂದೆ ಕಪಾಟು ಒರೆಸುವಾಗ ಡಬ್ಬಿ ಕೈಗೆ ಬಂತಂತೆ. ಒಳಗೆ ಹೆಂಡತಿಯ ಅಕ್ಷರ ನೋಡಿದರೆ ಸಾಕು ಎಂದು ಒಂದು ದಳದ ಅಂಚು ಎತ್ತಿದರು. ನಾಲ್ಕೂ ದಳ ತಾವಾಗಿಯೇ ಬಿಚ್ಚಿಕೊಂಡವು. ಕಂಡದ್ದು ‘ಪುಟ್ಟಿ’ ಎಂಬ ಒಂದೇ ಮಾತು. ಮುಂದಿನದು ಮಗಳಿಗೆ ಬರೆದದ್ದು, ತಾನು ಓದಬಾರದು ಎಂದು ಕಣ್ಣು ಮುಚ್ಚಿಕೊಂಡೇ ಮತ್ತೆ ಮಡಚಲು ಹೋದರಂತೆ. ಕಣ್ಣು ಮುಚ್ಚಿ ಮಡಚಿದರೆ ಅದು ಹೇಗೆ ಕೂರಬೇಕು ಹೇಳಿ. ಆಮೇಲೆ ಈ ವಾರ ವಿಡಿಯೊ ನೋಡಿಕೊಂಡು ಆ ಮಡಿಕೆ ಕಲಿಯಲು ಹೋಗಿ ಹನ್ನೊಂದು ಹಾಳೆ ಕೆಡಿಸಿದರು. ಹೇಳಲು ಧೈರ್ಯ ಬರಲಿಲ್ಲ.

ಪೂಜಿತಾಳ ಮುಖ ಕೆಂಪಾಗಿತ್ತು. "ಯಾಕಪ್ಪ? ಒಂದೇ ಒಂದು ಕೆಲಸ, ಬಿಚ್ಚದೇ ಇರೋದು. ನಾನು ಮೂರು ವರ್ಷ ಕಾದಿದೀನಿ."

"ಹೊಟ್ಟೆಕಿಚ್ಚು ಪುಟ್ಟಿ," ಎಂದರು ಅವರು, ತಲೆ ಎತ್ತದೆ. "ನಿನಗೆ ಬರೆದಿಟ್ಲು. ಮೂವತ್ತು ವರ್ಷ ಜೊತೇಲಿದ್ದೆ, ನನಗೊಂದು ಚೀಟಿನೂ ಇಡ್ಲಿಲ್ಲ."

ಅವರೇ ಎದ್ದು ಹೋಗಿ, ಮದುವೆಗೆಂದು ತೆಗೆದಿಟ್ಟಿದ್ದ ರೇಷ್ಮೆ ಪಂಚೆಯ ಮಡಿಕೆಯೊಳಗಿಂದ ಕಾರ್ಡನ್ನು ತಂದರು. ಮಡಿ ಪಂಚೆ, ಯಾರೂ ಮುಟ್ಟರು ಎಂಬ ಲೆಕ್ಕ. ದಳಗಳು ಅರ್ಧ ಬಿಚ್ಚಿಕೊಂಡಿದ್ದವು. ಪೂಜಿತಾ ಅದನ್ನು ನೋಡಲೂ ಹೆದರಿ, ಸುಪ್ರಿಯಾ ಕೈಗೆ ಕೊಡಿ ಎಂದಳು.

ಒಂದು ಗಂಟೆಯ ಹಿಂದೆ ಕಳ್ಳಿ ಅನ್ನಿಸಿಕೊಂಡಿದ್ದ ಸುಪ್ರಿಯಾ, ಬರಹದ ಮೇಲೆ ಬಿಳಿ ಹಾಳೆ ಮುಚ್ಚಿಕೊಂಡು, ಚಮಚದಿಂದ ಹಳೆಯ ಗೆರೆಗಳನ್ನೇ ಹಿಡಿದು ಒಂದೊಂದೇ ದಳ ಕೂರಿಸತೊಡಗಿದಳು. ಮೂರನೆಯದಕ್ಕೆ ಬಂದವಳು ತಟ್ಟನೆ ನಿಂತಳು. ನಡುವಿನ ಪದರದ ಅಡಿಯಿಂದ ಏನೋ ಜಾರಿತು. ಹೆಬ್ಬೆರಳಿನ ಉಗುರಿನಷ್ಟೇ ಅಗಲದ ಕೆಂಪು ಕಾಗದ. ಅವಳು ಹೇಳುತ್ತಿದ್ದ ದಪ್ಪ ಅದೇ.

ಸಿಸಿಲಿಯಾ ಅದನ್ನು ಬೆಳಕಿಗೆ ಹಿಡಿದಳು. ಹೂವಲ್ಲ, ಹಕ್ಕಿಯಲ್ಲ. ಕೊನೆಯ ಮೂಲೆ ಒಳಗೆ ತುರುಕಿದ, ಅಂಟಿಲ್ಲದ ಒಂದು ಪುಟ್ಟ ಪೊಟ್ಟಣ. ಮೇಲೆ ಪೆನ್ಸಿಲಿನಲ್ಲಿ ಒಂದೇ ಅಕ್ಷರ.

‘ರೀ’

ಆ ಮನೆಯಲ್ಲಿ ಶಾಮಲಾ ಹಾಗೆ ಕರೆಯುತ್ತಿದ್ದದ್ದು ಒಬ್ಬರನ್ನೇ. ಪೂಜಿತಾ ಅದನ್ನು ತೆಗೆದುಕೊಂಡು ಅಪ್ಪನ ಅಂಗೈ ಮೇಲಿಟ್ಟಳು. ಆ ಪೊಟ್ಟಣ ಅವರ ಕೈಗೆ ತಾನೇ ತೆರೆದುಕೊಂಡಿತು, ನೋಡಬೇಕಾಗಿಯೂ ಇರಲಿಲ್ಲ. ಓದಿದರು, ಇನ್ನೊಮ್ಮೆ ಓದಿದರು, ಆಮೇಲೆ ಮಗಳಿಗೆ ಕೊಟ್ಟರು. ಅವಳು ಗಟ್ಟಿಯಾಗಿ ಓದಿದಳು.

"ನೀವೇ ಮೊದಲು ತೆಗೀತೀರ ಅಂತ ಗೊತ್ತು. ದಳ ಕೂರಿಸೋಕೆ ನಿಮಗೆ ಬರಲ್ಲ, ಸುಪ್ರಿಯಾನ ಕರೀರಿ. ಇದನ್ನ ಮಾತ್ರ ನೀವೇ ಮಡಚಿಟ್ಕೊಳ್ಳಿ, ನಿಮ್ಮಿಂದ ಕಲಿತಿದ್ದು. ಪುಟ್ಟಿ ಬೈದ್ರೆ ನನ್ನ ಹೆಸರು ಹೇಳಿ."

ಪೂಜಿತಾಳಿಗೆ ನಗು ಬಂತು, ಅಳುವೂ ಬಂತು, ಎರಡೂ ಒಟ್ಟಿಗೇ. ನನ್ನ ಕಣ್ಣಿಗೆ ಏನೂ ಬಿದ್ದಿರಲಿಲ್ಲ, ಸುಮ್ಮನೆ ಯಾಕೆ ಸುಳ್ಳು ಹೇಳಲಿ, ನಾನೂ ಅತ್ತೆ.

ಮರುದಿನ ಬೆಳಿಗ್ಗೆ ಪೂಜಿತಾ ತನ್ನ ಕಾರ್ಡನ್ನು ಬಾಗಿಲು ಹಾಕಿಕೊಂಡು ಓದಿದಳು. ಏನು ಬರೆದಿತ್ತೆಂದು ನಮಗೆ ಗೊತ್ತಿಲ್ಲ. ಸಿಸಿಲಿಯಾ ಕೂಡ ಕೇಳಲಿಲ್ಲ, ಅದೇ ದೊಡ್ಡ ಆಶ್ಚರ್ಯ.

ಮಂಟಪದಲ್ಲಿ ಪುರೋಹಿತರು ಧಾರೆಗೆ ಪೂಜಿತಾಳ ಚಿಕ್ಕಪ್ಪ ಚಿಕ್ಕಮ್ಮನನ್ನು ಕರೆದರು. ಅಶ್ವತ್ಥನಾರಾಯಣ ಮುಂದೆ ಬಂದು ನಿಂತರು.

"ನಾವೇ ಎರೀತೀವಿ."

"ನಾವು ಅಂದ್ರೆ?" ಎಂದರು ಪುರೋಹಿತರು, ಅವರ ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ನೋಡಿ.

ಅವರು ಸೊಂಟ ಮುಟ್ಟಿಕೊಂಡರು. ರೇಷ್ಮೆ ಪಂಚೆಯ ಅಂಚಿನಲ್ಲಿ ಪುಟ್ಟದೊಂದು ಕೆಂಪು ಮೂಲೆ ಕಾಣುತ್ತಿತ್ತು. ತಮ್ಮ ನಕ್ಕು ಹಿಂದೆ ಸರಿದ. ಪುರೋಹಿತರು ಒಂದು ಕ್ಷಣ ತಡೆದು ನೀರಿನ ಚೊಂಬು ಅವರ ಕೈಗೆ ಕೊಟ್ಟರು. ವಾಲಗದ ರೆಕಾರ್ಡು ಜೋರಾಯಿತು, ಎಲ್ಲರೂ ಪೊಟ್ಟಣ ಬಿಚ್ಚಿದರು. ನನ್ನದು ಸಾಕ್ಷಿಗೆ ಹೋಗಿತ್ತಲ್ಲ, ಸಿಸಿಲಿಯಾ ತನ್ನದರಲ್ಲಿ ಅರ್ಧ ಕೊಟ್ಟಳು.