ಎಣ್ಣೆಡಬ್ಬಿಯ ಮಾವು

ಮಲ್ಲಕ್ಕ ಎಣ್ಣೆಡಬ್ಬಿಯನ್ನು ನರ್ಸರಿಯ ಗೇಟಿನೊಳಗೆ ದೊಪ್ಪನೆ ಇಟ್ಟಳು. ಅದರಲ್ಲಿದ್ದ ಮಾವಿನ ಗಿಡ ಅಲುಗಿ ಇನ್ನೆರಡು ಹಳದಿ ಎಲೆ ಉದುರಿದವು.

"ಸಾಯಾಕತ್ತೈತಿ. ನೀ ಕೊಟ್ಟದ್ದು, ನೀನ ನೋಡು."

ಹೊಳೆಪ್ಪ ಮಿಶ್ರಿಕೋಟಿಯ ಆ ನರ್ಸರಿಯ ಮಾಲಿ. ಎಂಬತ್ತೆರಡನೇ ಇಸವಿಯ ಮೊದಲ ಮಳೆಗೆ ಈ ಕಸಿಯನ್ನು ಅವಳ ಕೈಗಿತ್ತು, "ತಂಗಿ ಮದುವಿ ಆಗಲಿ, ನಮ್ಮ ಹಿತ್ತಲದಾಗ ಹಚ್ಚೂಣು" ಅಂದಿದ್ದ. ಅವನ ಒಬ್ಬ ತಂಗಿಯದಾಯಿತು, ಇನ್ನೊಬ್ಬಳದೂ ಆಯಿತು. ನಾಲ್ಕು ವರ್ಷ ಕಳೆದು ಈಗ ಮೂರನೆಯವಳ ಸರದಿ. ತನ್ನ ಮನೆಯಲ್ಲಿ ನೆಟ್ಟರೆ ಮರ ಅಣ್ಣನದಾಗುತ್ತದೆಂದು ಮಲ್ಲಕ್ಕ ಅದನ್ನು ನೆಲಕ್ಕಿಳಿಸಿರಲಿಲ್ಲ. ಕಾಯುವುದು ಅವಳಿಗೆ ಕಸ ಹೊಡೆಯುವಂಥ ಕೆಲಸವಾಗಿತ್ತು. ದಿನಾ ಮಾಡಬೇಕು, ಯಾರಿಗೂ ಕಾಣುವುದಿಲ್ಲ.

"ನೀರು ಕಮ್ಮಿ ಹಾಕೀಯೇನು?"

"ನಾ ಉಪವಾಸ ಇದ್ದಾಗೂ ಅದಕ್ಕ ತಪ್ಪಿಸಿಲ್ಲ."

ಅವನು ನಕ್ಕ. ಅವಳು ನಗದಿದ್ದುದನ್ನು ನೋಡಿ ಡಬ್ಬಿಯ ತಗಡು ಕತ್ತರಿಸತೊಡಗಿದ. ಒಳಗೆ ಮಣ್ಣೇ ಕಾಣಲಿಲ್ಲ. ಬೇರುಗಳು ಸುತ್ತಿ ಸುತ್ತಿ ಡಬ್ಬಿಯದೇ ಆಕಾರ ತಾಳಿದ್ದವು.

"ಹಿಂಗ ಹಚ್ಚಿದರ?"

"ಸುತ್ತೂದು ಬಿಡಂಗಿಲ್ಲ. ದಪ್ಪಾಗಿ ತನ್ನ ಬುಡಾನ ತಾನ ಹಿಸುಕ್ತೈತಿ. ಕೊಯ್ಯಬೇಕು."

"ಕೊಯ್ದರ?"

"ಸಾಯಬಹುದು."

"ಕೊಯ್ಯಿ."

ಅವನು ಚೂರಿಯಿಂದ ನಾಲ್ಕೂ ಬದಿ ಮೇಲಿಂದ ಕೆಳಗೆ ಸೀಳಿ, ತಳದ ಗಂಟನ್ನು ಕೊಯ್ದು ಎಸೆದ. ಉಳಿದ ಬೇರುಗಳನ್ನು ಒಂದೊಂದಾಗಿ ಬಿಡಿಸಿ ಹೊರಮುಖ ಮಾಡಿದ. ಆ ಬೆರಳುಗಳನ್ನೇ ಮಲ್ಲಕ್ಕ ನೋಡಿದಳು. ನಾಲ್ಕು ವರ್ಷದಲ್ಲಿ ಅವು ಅವಳನ್ನು ಮುಟ್ಟಿದ್ದು ಒಮ್ಮೆ, ಬಸ್ಸಿನ ಟಿಕೆಟ್ ಕೊಡುವಾಗ.

"ಇನ್ನ ಇದನ್ನ ಡಬ್ಬಿಗೆ ಹಾಕಾಕ ಬರಂಗಿಲ್ಲ. ಸಂಜೀ ಒಳಗ ನೆಲಕ್ಕ ಹೋಗಬೇಕು."

"ಯಾರ ನೆಲಕ್ಕ?"

ಅವನು ಗೋಣಿತಟ್ಟನ್ನು ನೀರಿಗೆ ಅದ್ದಿದ.

"ಸೋಮವಾರ ಅಣ್ಣ ಕಲಘಟಗಿಗೆ ಹೊಂಟಾನ, ನನ್ನ ಮದುವಿ ಮಾತು ಕೊಟ್ಟು ಬರಾಕ," ಅಂದಳು. "ನನಗ ಸಾಕಾಗೇತಿ ಹೊಳೆಪ್ಪ. ಬ್ಯಾಡ ಅನ್ನಾಕೂ ಸಾಕಾಗೇತಿ."

ಹೊಳೆಪ್ಪ ಒದ್ದೆ ಗೋಣಿತಟ್ಟಿನಲ್ಲಿ ಬೇರು ಸುತ್ತಿ, ಗಿಡವನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದ.

"ನಡಿ, ನಮ್ಮ ಹಿತ್ತಲಕ್ಕ."

"ಹೊಲದ ಹಾದಿ ಹಿಡಿಯೂಣೇನು?"

"ಊರ ಅಗಸಿ ಬಾಗಲ ಮುಂದ ಹಾದು ಹೋಗೂಣು. ನೋಡವರು ನೋಡ್ಲಿ."

ನೋಡಿದರು. ಕಟ್ಟೆಯ ಮೇಲಿನ ಮಾತು ನಿಂತಿತು. ಅವನು ಸೈಕಲ್ ತಳ್ಳಿದ, ಅವಳು ಪಕ್ಕದಲ್ಲೇ ನಡೆದಳು.

ಹೊಳೆಪ್ಪನ ತಾಯಿ ರೇವವ್ವ ಜೋಳ ಹಸನು ಮಾಡುತ್ತಿದ್ದಳು. ಅವನು ಗಿಡ ಇಳಿಸಿ ಗೋಣಿತಟ್ಟು ಬಿಚ್ಚಿದ. "ಇದ್ಯಾವ ಗಿಡಲೇ? ಅರ್ಧ ಬೇರ ಇಲ್ಲ."

"ಮಲ್ಲಕ್ಕಂದು."

ಮುದುಕಿ ಹುಡುಗಿಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ನೀರು ಯಾರು ಹಾಕವರು? ನನ್ನ ಸೊಂಟ ಬಗ್ಗಂಗಿಲ್ಲ."

"ಅಕೀನ ಹಾಕ್ತಾಳ. ಇಲ್ಲೇ ಇದ್ದು."

"ಸಣ್ಣಾಕಿ ಮದುವಿ?"

"ಅದೂ ಮಾಡೂಣು. ಇದರ ಹಿಂದ."

ರೇವವ್ವ ಮೊರದಲ್ಲಿ ಎರಡು ಸಲ ಕೇರಿ ಹೊಟ್ಟು ಹಾರಿಸಿದಳು.

"ಕೊಡ ಬಾಗಲದ ಹಿಂದ ಐತಿ," ಅಂದಳು.

ಮಲ್ಲಕ್ಕನಿಗೆ ಅಳಲೂ ತ್ರಾಣವಿರಲಿಲ್ಲ. ಚಪ್ಪಲಿ ಬಿಟ್ಟು, ಕೊಡ ತರಲು ಒಳಗೆ ಹೋದಳು.